ಹಾಜರಿ ಪುಸ್ತಕ, ನೀರಿನ ದಿನ, ರಾಷ್ಟ್ರಗೀತೆ: ಹುಬ್ಬಳ್ಳಿಯ ಒಂದು ಫುಟ್‌ಬಾಲ್ ತಂಡದ ಪ್ರಕರಣ

ಹದಿಹರೆಯದ ಹುಡುಗರಿಗೆ ಫುಟ್‌ಬಾಲ್ ಕಲಿಸುವವರು ಈ ಪ್ರಕರಣವನ್ನು ಓದಬೇಕೆಂದು ಬರೆಯುತ್ತಿದ್ದೇನೆ. ಕ್ಲಬ್, ಮೈದಾನ, ಟೂರ್ನಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಯಾವ ಹುಡುಗನ ಜಾತಿ, ಧರ್ಮವನ್ನೂ ಹೇಳಿಲ್ಲ. ‘ದೇಶದ್ರೋಹಿ’ ಎಂಬ ಮಾತು ಬರುವ ಪ್ರಕರಣದಲ್ಲಿ ಓದುಗರು ಮೊದಲು ಹುಡುಕುವುದು ಅದನ್ನೇ. ಅದು ಸಿಕ್ಕಿತೆಂದರೆ ಉಳಿದದ್ದನ್ನು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ.

ನಾನು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ. ತಂಡ ಒಡೆಯುವ ಹಂತಕ್ಕೆ ಬಂದಾಗ ಕ್ಲಬ್ಬಿನ ಸಮಿತಿಯವರು ನನ್ನನ್ನು ಕರೆದರು. ಕೋಚ್ ಅದಕ್ಕೆ ಒಪ್ಪಿದ್ದರು ಎಂಬುದನ್ನು ಮೊದಲೇ ಹೇಳಬೇಕು. ಅವರು ಒಪ್ಪದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಈ ಬರಹವನ್ನೂ ಅವರು ಓದಿದ್ದಾರೆ.

ಹಿನ್ನೆಲೆ

ಹುಬ್ಬಳ್ಳಿಯ ರೈಲ್ವೆ ಕಾಲೊನಿಗಳಿಗೂ ಫುಟ್‌ಬಾಲಿಗೂ ಹಳೆಯ ನಂಟು. ಆದರೂ ಈಗ ಮೈದಾನಗಳೆಲ್ಲ ಕ್ರಿಕೆಟ್ಟಿನ ವಶದಲ್ಲಿವೆ. ಫುಟ್‌ಬಾಲಿನವರ ಪಾಲಿಗೆ ಉಳಿಯುವುದು ವಾಯುವಿಹಾರದವರು ಬಂದು ತುಂಬಿಕೊಳ್ಳುವ ಮುಂಚಿನ ಹೊತ್ತು. ಈ ಕ್ಲಬ್ಬಿನ ಹದಿನಾರು ವರ್ಷದೊಳಗಿನ ತಂಡದಲ್ಲಿ ಇಪ್ಪತ್ತೆರಡು ಹುಡುಗರಿದ್ದರು. ಆಟೋ ಓಡಿಸುವವರ, ಗ್ಯಾರೇಜಿನವರ, ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವರ ಮಕ್ಕಳೇ ಹೆಚ್ಚು. ಬ್ಯಾಂಕು, ಕಾಲೇಜುಗಳಲ್ಲಿ ಕೆಲಸ ಮಾಡುವವರ ಮಕ್ಕಳೂ ಐದಾರು ಮಂದಿ ಇದ್ದರು.

ಕೋಚ್ ಸೇನೆಯಿಂದ ನಿವೃತ್ತರಾದವರು, ವಯಸ್ಸು ಐವತ್ತರ ಆಸುಪಾಸು. ಕ್ಲಬ್ಬಿನಿಂದ ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ. ಚೆಂಡು, ಕೋನ್, ಬಿಬ್‌ಗಳಿಗೆ ಎಷ್ಟೋ ಸಲ ಅವರ ಪಿಂಚಣಿಯ ಹಣವೇ ಹೋಗಿದೆ. ಬೂಟು ಇಲ್ಲದ ಹುಡುಗನಿಗೆ ಬೂಟು ಕೊಡಿಸಿ, ಅದನ್ನು ಯಾರಿಗೂ ಹೇಳಬೇಡ ಎಂದು ತಾಕೀತು ಮಾಡುವ ಮನುಷ್ಯ. ಇವರನ್ನು ಖಳನಾಯಕನೆಂದುಕೊಂಡು ಓದಿದರೆ ಪ್ರಕರಣ ಅರ್ಥವಾಗುವುದಿಲ್ಲ.

ಅವರ ಪದ್ಧತಿ ಹೀಗಿತ್ತು. ಬೆಳಿಗ್ಗೆ 5.45ಕ್ಕೆ ಸೀಟಿ. ಹುಡುಗರು ಮೂರು ಸಾಲಿನಲ್ಲಿ ನಿಲ್ಲಬೇಕು, ರಾಷ್ಟ್ರಗೀತೆ ಹಾಡಬೇಕು. ಸೀಟಿಯೊಂದಿಗೆ ಗೇಟು ಮುಚ್ಚುತ್ತಿತ್ತು. ತಡವಾಗಿ ಬಂದವರು ಹೊರಗೆ ನಿಲ್ಲಬೇಕು. ಆಮೇಲೆ ಮೈದಾನಕ್ಕೆ ನಾಲ್ಕು ಸುತ್ತು ಓಡಬೇಕು, ಪ್ರತಿ ಮೂಲೆಯ ಕಂಬದ ಬಳಿ ‘ಭಾರತ್ ಮಾತಾ ಕೀ ಜೈ’ ಎಂದು ಕೂಗಬೇಕು. ಕೂಗು ಕ್ಷೀಣವಾಗಿ ಕೇಳಿಸಿದರೆ ಇನ್ನೊಂದು ಸುತ್ತು. ಇದಕ್ಕೆ ಕೋಚ್ ಕೊಡುತ್ತಿದ್ದ ಸಮರ್ಥನೆ ಚುರುಕಾಗಿತ್ತು: “ಐವತ್ತೆರಡು ಸೆಕೆಂಡು ದೇಶಕ್ಕೆ ಕೊಡಲಾಗದವನು ತಂಡಕ್ಕೆ ಏನು ಕೊಟ್ಟಾನು?”

ಮೊದಲ ತಿಂಗಳುಗಳಲ್ಲಿ ಇದು ಫಲ ಕೊಟ್ಟಿತು. ಹಾಜರಾತಿ ಏರಿತು, ಮೈದಾನದ ಅಂಚಿನಲ್ಲಿ ಕುಳಿತು ಮೊಬೈಲ್ ನೋಡುವುದು ನಿಂತಿತು, ಹುಡುಗರ ದಮ್ಮು ಹೆಚ್ಚಿತು. ಪಾಲಕರು ಬಂದು ಕೈಮುಗಿದು ಹೋದರು.

ಸಮಸ್ಯೆ

ತಂಡದ ಗೋಲ್‌ಕೀಪರ್ ಪದೇ ಪದೇ ತಡವಾಗಿ ಬರುತ್ತಿದ್ದ. ಮಾತು ಕಡಿಮೆ, ಕೈ ಚುರುಕು. ಕಾರಣ ಕೇಳಿದರೆ “ಮನೆಯಲ್ಲಿ ಕೆಲಸ ಇತ್ತು ಸರ್” ಎನ್ನುವುದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಸುತ್ತು ಓಡುವುದು ಅವನಿಗೆ ರೂಢಿಯಾಗಿತ್ತು. ಒಂದು ಬೆಳಿಗ್ಗೆ ಅವನು ಗೇಟಿನ ಹೊರಗೆ ನಿಂತಿದ್ದಾಗ ತಂಡದ ನಾಯಕ ಸಾಲಿನಿಂದಲೇ “ದೇಶದ್ರೋಹಿ ಬಂದ” ಎಂದ. ನಾಲ್ಕಾರು ಹುಡುಗರು ನಕ್ಕರು. ಮರುದಿನದಿಂದ ಅದು ಗೋಲ್‌ಕೀಪರನ ಅಡ್ಡಹೆಸರಾಯಿತು. ವಾರದೊಳಗೆ ಕೈಕೈ ಮಿಲಾಯಿಸಿ ನಾಯಕನ ತುಟಿ ಒಡೆಯಿತು. ಗೋಲ್‌ಕೀಪರ್ ಬರುವುದನ್ನು ನಿಲ್ಲಿಸಿದ. ಅವನ ಓಣಿಯ ಇನ್ನಿಬ್ಬರೂ ನಿಲ್ಲಿಸಿದರು.

ಬೇರೆ ಊರಿನಲ್ಲಾದರೆ ಇದು ಹುಡುಗರ ಜಗಳವೆಂದು ಮುಗಿಯುತ್ತಿತ್ತೋ ಏನೋ. ಇಲ್ಲಿ ಹಾಗಲ್ಲ. ಧ್ವಜಾರೋಹಣದ ವಿವಾದ ಬೆಳೆದು 1994ರ ಆಗಸ್ಟ್ 15ರಂದು ಗೋಲಿಬಾರ್ ಆಗಿ ಜೀವಗಳು ಹೋದ ಊರು ಇದು. ಹುಡುಗರಿಗೆ ಅದು ತಾವು ಹುಟ್ಟುವ ಮೊದಲಿನ ಕಥೆ. ಅವರ ಅಪ್ಪಂದಿರಿಗೆ ಕಣ್ಣಾರೆ ಕಂಡ ಕರ್ಫ್ಯೂ. ಆ ಒಂದು ಪದ ಮೈದಾನದಿಂದ ಓಣಿಗೆ ಹೋದೊಡನೆ ಹಿರಿಯರು ಸಮಿತಿಯ ಬಾಗಿಲು ಬಡಿದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅದೇ ಹೊತ್ತಿಗೆ ಧಾರವಾಡದಲ್ಲಿ ಒಂದು ಟೂರ್ನಿ ನಡೆಯಿತು. ಬದಲಿ ಗೋಲ್‌ಕೀಪರನನ್ನು ನಿಲ್ಲಿಸಿ ಆಡಿದ ಎರಡನೆಯ ಪಂದ್ಯದಲ್ಲಿ ರೆಫರಿ ಒಂದು ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಿದರು. ನಾಯಕ ರೆಫರಿಯ ತಾಯಿಯನ್ನು ಎಳೆದು ತಂದು ಬೈದ, ಕೆಂಪು ಕಾರ್ಡ್ ಪಡೆದು ಹೊರಬಿದ್ದ. ಇನ್ನಿಬ್ಬರಿಗೆ ವಾದ ಮಾಡಿದ್ದಕ್ಕೆ ಹಳದಿ ಕಾರ್ಡ್. ಮೂವರೂ ಒಂದು ದಿನವೂ ತಡವಾಗಿ ಬಾರದ ಹುಡುಗರು, ರಾಷ್ಟ್ರಗೀತೆಯ ಹೊತ್ತಿಗೆ ಮೊದಲ ಸಾಲಿನಲ್ಲಿ ಎದೆಯೆತ್ತಿ ನಿಲ್ಲುವವರು.

ಕೋಚ್ ಅಂದು ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲವಂತೆ. ನನ್ನ ಲೆಕ್ಕದಲ್ಲಿ ಪ್ರಕರಣ ತಿರುವು ಪಡೆದದ್ದು ಆ ಕಾರ್ಡುಗಳಿಂದ. ಓಣಿಯ ಜಗಳ ನಡೆದಾಗ ಕೋಚ್ ತಮ್ಮ ಪದ್ಧತಿಯನ್ನು ಸಂಶಯಿಸಿರಲಿಲ್ಲ. ಅದು ಹೊರಗಿನವರ ರಾಜಕೀಯ ಎಂದು ಬದಿಗಿಟ್ಟಿದ್ದರು. ಕೆಂಪು ಕಾರ್ಡನ್ನು ಹಾಗೆ ಬದಿಗಿಡಲು ಬರುವಂತಿರಲಿಲ್ಲ. ಅದು ಅವರ ಅತ್ಯುತ್ತಮ ವಿದ್ಯಾರ್ಥಿಗೆ ಸಿಕ್ಕಿತ್ತು.

ಏನೇನು ಮಾಡಿ ನೋಡಿದರು

ಮೊದಲ ಪ್ರಯತ್ನ ಸಮಿತಿಯದು, ಮುಚ್ಚಳಿಕೆ ಪತ್ರ. ‘ನನ್ನ ಮಗ ಸಮಯಕ್ಕೆ ಸರಿಯಾಗಿ ಹಾಜರಾಗುತ್ತಾನೆ, ತಪ್ಪಿದರೆ ತಂಡದಿಂದ ತೆಗೆಯಲು ನನ್ನ ಅಭ್ಯಂತರವಿಲ್ಲ’ ಎಂದು ಪಾಲಕರಿಂದ ಬರೆಸಿಕೊಳ್ಳುವುದು. ಇಂಥ ಕಾಗದಗಳು ಸಮಿತಿಗಳಿಗೆ ಯಾಕೆ ಅಷ್ಟು ಪ್ರಿಯವೋ ನನಗೆ ಇಂದಿಗೂ ತಿಳಿದಿಲ್ಲ. ಅದನ್ನು ಹಿಡಿದುಕೊಂಡು ಗೋಲ್‌ಕೀಪರನ ಮನೆಗೆ ಕೋಚ್ ಮತ್ತು ನಾನು ಹೋದೆವು. ಅವನ ತಾಯಿ ಪತ್ರವನ್ನು ಮಗನಿಂದ ಓದಿಸಿ ಕೇಳಿದರು. ಆಮೇಲೆ ಹೇಳಿದರು: “ಸಹಿ ಮಾಡುತ್ತೇನೆ ಸರ್. ಹಾಗೆಯೇ ನೀರು ಬಿಡುವ ವಾಲ್‌ಮನ್‌ನ ಸಹಿಯನ್ನೂ ತೆಗೆದುಕೊಂಡು ಬನ್ನಿ.”

ಅವಳಿನಗರದ ಹೊರಗಿನವರಿಗೆ ಇಷ್ಟು ವಿವರಣೆ ಬೇಕು. ಹುಬ್ಬಳ್ಳಿಗೆ ಬಹುಪಾಲು ನೀರು ಬರುವುದು ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ. ಹಲವು ಬಡಾವಣೆಗಳಲ್ಲಿ ನಳಕ್ಕೆ ನೀರು ಬಿಡುವುದು ಕೆಲವು ದಿನಗಳಿಗೊಮ್ಮೆ. ಬೇಸಿಗೆಯಲ್ಲಿ ವಾರ ದಾಟುವುದೂ ಉಂಟು. ಬಿಡುವ ವೇಳೆಯೂ ಖಚಿತವಲ್ಲ, ಹಲವು ಓಣಿಗಳಲ್ಲಿ ಅದು ನಸುಕಿನಲ್ಲೇ. ಆ ಒಂದೆರಡು ಗಂಟೆಯಲ್ಲಿ ಬ್ಯಾರಲ್, ಕೊಡ, ಬಕೆಟ್‌ಗಳೆಲ್ಲ ತುಂಬಬೇಕು. ಗೋಲ್‌ಕೀಪರನ ತಂದೆ ರಾತ್ರಿಪಾಳಿಯವರು, ತಾಯಿಗೆ ಸೊಂಟನೋವು. ಮೂರನೆಯ ಮನೆಯ ನಳದಿಂದ ಕೊಡ ಹೊತ್ತು ತರುವವನು ಈ ಹುಡುಗನೇ. ಇದನ್ನು ಕೋಚ್‌ಗೆ ಹೇಳಲು ಅವನಿಗೆ ನಾಚಿಕೆ. ಹದಿನೈದು ವರ್ಷದ ಹುಡುಗ ಹೆಂಗಸರ ಸಾಲಿನಲ್ಲಿ ಕೊಡ ಹಿಡಿದು ನಿಲ್ಲುತ್ತೇನೆಂದು ತಂಡದ ಮುಂದೆ ಹೇಗೆ ಹೇಳಿಯಾನು?

ಆ ರಾತ್ರಿ ನಾವು ಹಾಜರಿ ಪುಸ್ತಕ ತೆಗೆದು ಕುಳಿತೆವು. ಕೋಚ್ ಸೇನೆಯ ಅಭ್ಯಾಸದಂತೆ ಪ್ರತಿ ತಡವನ್ನೂ ನಿಮಿಷ ಸಮೇತ ಬರೆದಿಟ್ಟಿದ್ದರು. ಅದೇ ಉಪಯೋಗಕ್ಕೆ ಬಂತು. ಹುಡುಗರನ್ನು ಓಣಿವಾರು ವಿಂಗಡಿಸಿ, ಆಯಾ ಓಣಿಯ ಒಬ್ಬಿಬ್ಬರು ಪಾಲಕರನ್ನು ಕೇಳಿ ನೀರು ಬಂದ ದಿನಗಳನ್ನು ಗುರುತು ಹಾಕಿದೆವು. ಒಂದೇ ಓಣಿಯ ಮೂವರು ಒಂದೇ ದಿನ ತಡ. ನಾಲ್ಕೈದು ದಿನ ಸರಿಯಾಗಿ ಹಾಜರು, ಮತ್ತೆ ಒಟ್ಟಿಗೆ ತಡ. ಇತ್ತ ನಾಯಕ ಮತ್ತು ಮೊದಲ ಸಾಲಿನ ಹಲವು ಹುಡುಗರ ಮನೆಗಳಿದ್ದದ್ದು ದಿನವಿಡೀ ನೀರು ಬರುವ ವಾರ್ಡುಗಳಲ್ಲಿ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಭಾಗಗಳಿಗೆ 2008ರ ಹೊತ್ತಿಗೇ 24 ಗಂಟೆ ನೀರು ಬಂದಿತ್ತು. ಈ ಹುಡುಗರು ಹುಟ್ಟಿದಾಗಿನಿಂದ ನಳ ತಿರುಗಿಸಿದರೆ ನೀರು ಕಂಡವರು. ಅವರ ಸಮಯಪಾಲನೆ ಸುಳ್ಳಲ್ಲ. ಆದರೆ ಅದಕ್ಕೆ ಅವರು ತೆತ್ತ ಬೆಲೆ ಕಡಿಮೆ.

ಪುಸ್ತಕದಲ್ಲಿ ನೀರಿಗೆ ಸಂಬಂಧವಿಲ್ಲದ ತಡಗಳೂ ಇದ್ದವು. ಸೋಮಾರಿತನದ ತಡ, ಹಿಂದಿನ ರಾತ್ರಿ ಮೊಬೈಲ್ ನೋಡಿ ಮಲಗಿದ ತಡ. ಬಡವರ ಮಕ್ಕಳ ಎಲ್ಲ ತಡಕ್ಕೂ ನೀರನ್ನೇ ಕಾರಣ ಮಾಡುವ ಸಮಾಜಸೇವಕರ ಧಾಟಿ ನನಗೆ ಹಿಡಿಸುವುದಿಲ್ಲ. ಕೋಚ್ ಆ ಸಾಲುಗಳ ಮೇಲೆ ಬೆರಳಿಟ್ಟು “ಇವನಿಗೆ ಏನು ಹೇಳುತ್ತೀರಿ?” ಎಂದು ಕೇಳಿದ್ದು ನ್ಯಾಯವಾಗಿತ್ತು.

ಎರಡನೆಯ ಚರ್ಚೆ ರಾಷ್ಟ್ರಗೀತೆಯ ಬಗ್ಗೆ, ಇದು ಕಾವೇರಿತು. ಸಮಿತಿಯ ಒಬ್ಬರು ಅದನ್ನು ಪೂರ್ತಿ ಕೈಬಿಡಿ ಎಂದರು. ಇನ್ನೊಬ್ಬರು, ಕೈಬಿಟ್ಟರೆ ನಾಳೆ ಪತ್ರಿಕೆಯಲ್ಲಿ ಬರುತ್ತದೆ ಎಂದು ಹೆದರಿಸಿದರು. ವಕೀಲರ ಬಳಿ ಗುಮಾಸ್ತರಾಗಿರುವ ಒಬ್ಬ ಪಾಲಕರು ಕಾನೂನನ್ನು ತೆಗೆದು ಮುಂದಿಟ್ಟರು. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯ ಪ್ರಕಾರ, ರಾಷ್ಟ್ರಗೀತೆ ಹಾಡುವುದನ್ನು ಉದ್ದೇಶಪೂರ್ವಕವಾಗಿ ತಡೆಯುವುದು, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವುದು ಅಪರಾಧ. ಹತ್ತು ನಿಮಿಷ ತಡವಾಗಿ ಬರುವುದು ಅಲ್ಲ. 1986ರಲ್ಲಿ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇನ್ನೂ ಮುಂದಿನ ಮಾತು. ಗೌರವದಿಂದ ಎದ್ದು ನಿಂತಿದ್ದರೆ ಸಾಕು, ಹಾಡದೇ ಇದ್ದದ್ದು ಅಗೌರವವಲ್ಲ ಎಂದು ತೀರ್ಪಾಗಿತ್ತು. ಆ ಗುಮಾಸ್ತರು ಕೊನೆಗೆ ಮೆಲ್ಲಗೆ ಕೇಳಿದರು: “ಆ ಐವತ್ತೆರಡು ಸೆಕೆಂಡಿನಲ್ಲಿ ಗೇಟಿನ ಕಡೆ ತಿರುಗಿ ಕೈಸನ್ನೆ ಮಾಡಿ ಗದರಿಸುತ್ತಿದ್ದವರು ಯಾರು ಸರ್?” ಕೋಚ್ ಉತ್ತರಿಸಲಿಲ್ಲ.

ಅವರು ತಮ್ಮ ಸಮರ್ಥನೆಗೆ ತಂದದ್ದು ನಮ್ಮೂರಿನದೇ ಇತಿಹಾಸವನ್ನು. ಸ್ವಾತಂತ್ರ್ಯ ಹೋರಾಟಗಾರ ಡಾ. ನಾ.ಸು. ಹರ್ಡೀಕರರು 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ಸ್ವಯಂಸೇವಕರೊಂದಿಗೆ ಹೋಗಿ ಸೆರೆಮನೆ ಕಂಡವರು. ಕ್ಷಮೆ ಬರೆದುಕೊಡಲು ಅವರು ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದಲ್ಲಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ಸ್ವಯಂಸೇವಕರ ಪಡೆ, ಹಿಂದುಸ್ತಾನಿ ಸೇವಾದಳಕ್ಕೆ ಹುಬ್ಬಳ್ಳಿಯೇ ನೆಲೆಯಾಯಿತು. ಸಮವಸ್ತ್ರ, ಕವಾಯತು, ಧ್ವಜವಂದನೆ ಎಲ್ಲವೂ ಅಲ್ಲಿದ್ದವು. “ಅವರು ಮಾಡಿದರೆ ದೇಶಭಕ್ತಿ, ನಾನು ಮಾಡಿದರೆ ದಬ್ಬಾಳಿಕೆಯೇ?” ಎಂದರು ಕೋಚ್. ಒಳ್ಳೆಯ ಪ್ರಶ್ನೆ. ನಾನು ಕೊಟ್ಟ ಉತ್ತರ ಇಷ್ಟೇ: ಆ ಸ್ವಯಂಸೇವಕರು ತಾವಾಗಿ ಬಂದವರು, ಅವರ ಕವಾಯತು 1924ರ ಬೆಳಗಾವಿ ಅಧಿವೇಶನದ ಜನಸಾಗರವನ್ನು ನಿಭಾಯಿಸುವಂಥ ಕೆಲಸಕ್ಕೆ ಬೇಕಾಗಿದ್ದ ಕವಾಯತು. ದೇಶದ ಜಯಕಾರವನ್ನು ಶಿಕ್ಷೆಯಾಗಿ ಕೂಗಿಸಿದರೆ, ಕೂಗುವವನಿಗೆ ಅದು ಶಿಕ್ಷೆಯ ಸದ್ದಾಗಿಯೇ ಉಳಿಯುತ್ತದೆ.

ಅವರಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಎರಡು ದಿನ ಬಿಟ್ಟು ತಾವೇ ಒಂದು ನಿರ್ಧಾರ ಹೇಳಿದರು. ಜಯಕಾರದ ಸುತ್ತುಗಳು ಅಂದಿನಿಂದಲೇ ರದ್ದು. ರಾಷ್ಟ್ರಗೀತೆ ದಿನನಿತ್ಯದ ಹಾಜರಿಯ ಗಂಟೆಯಾಗಿ ಇರುವುದಿಲ್ಲ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ ಮತ್ತು ಕ್ಲಬ್ಬಿನ ಟೂರ್ನಿಯ ಫೈನಲ್‌ನಂದು ಎಲ್ಲರೂ ಸೇರಿದ ಮೇಲೆಯೇ ಹಾಡುವುದು. ‘ದೇಶದ್ರೋಹಿ’ ಎಂಬ ಪದ ಮೈದಾನದಲ್ಲಿ ಯಾರ ಬಾಯಲ್ಲಿ ಬಂದರೂ, ತಮಾಷೆಗೆ ಬಂದರೂ, ಮುಂದಿನ ಪಂದ್ಯದಿಂದ ಹೊರಗೆ. ಮೂರನೆಯದನ್ನು ಯಾರೂ ಅವರ ಬಾಯಿಂದ ನಿರೀಕ್ಷಿಸಿರಲಿಲ್ಲ.

ಶಿಸ್ತನ್ನು ಅವರು ಸಡಿಲಿಸಲಿಲ್ಲ, ಜಾಗ ಬದಲಿಸಿದರು. ನೀರಿನ ದಿನವಿದ್ದರೆ ಹಿಂದಿನ ರಾತ್ರಿ ಅಥವಾ ಎದ್ದ ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಹಾಕಬೇಕು. ಹಾಕಿದವನು ಬಂದಾಗ ನೇರವಾಗಿ ಅಭ್ಯಾಸಕ್ಕೆ ಸೇರಬಹುದು. ಹೇಳದೆ ತಡವಾದವನು ಅಭ್ಯಾಸ ಪಂದ್ಯದ ಮೊದಲ ಹತ್ತು ನಿಮಿಷ ಹೊರಗೆ ಕೂರಬೇಕು. ರೆಫರಿಯೊಂದಿಗೆ ವಾದ ಮಾಡಿದವನಿಗೂ ಅದೇ. ಫುಟ್‌ಬಾಲ್ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ 2017ರಿಂದ ಎಳೆಯರ ಮತ್ತು ತಳಮಟ್ಟದ ಪಂದ್ಯಗಳಲ್ಲಿ ತಾತ್ಕಾಲಿಕ ಹೊರಹಾಕುವಿಕೆಗೆ ಅವಕಾಶ ಕೊಟ್ಟಿದೆ. ಕೋಚ್ ಅದನ್ನು ಅಭ್ಯಾಸಕ್ಕೆ ಹೊಂದಿಸಿಕೊಂಡರು. ಓಡಿಸಿ ದಣಿಸುವುದಕ್ಕಿಂತ ಆಡಲು ಬಿಡದೇ ಇರುವುದು ಹುಡುಗರಿಗೆ ಹೆಚ್ಚು ನೋಯುತ್ತದೆ ಎಂಬುದು ಮೊದಲ ವಾರದಲ್ಲೇ ಕಂಡಿತು.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಸೀಟಿಯ ಸರದಿ. ವಾರಕ್ಕೊಮ್ಮೆ ಅಭ್ಯಾಸ ಪಂದ್ಯಕ್ಕೆ ಒಬ್ಬ ಹುಡುಗನೇ ರೆಫರಿ. ಮೊದಲ ಸರದಿ ನಾಯಕನದು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವನು ಒಂದು ಆಫ್‌ಸೈಡನ್ನು ತಪ್ಪಾಗಿ ಕೊಟ್ಟ. ಎರಡೂ ಕಡೆಯವರು ಮುತ್ತಿಕೊಂಡರು. ಸಹಾಯಕ ರೆಫರಿ ಇಲ್ಲದೆ, ಚೆಂಡು ಒದೆಯುವವನನ್ನೂ ಕೊನೆಯ ಡಿಫೆಂಡರನನ್ನೂ ಒಟ್ಟಿಗೆ ನೋಡುವುದು ಹೇಗೆಂದು ಅವನಿಗೆ ತೋಚಲಿಲ್ಲ. ಎರಡನೆಯ ತಪ್ಪಾದಾಗ ಸೀಟಿ ಎಸೆದು ಹೊರನಡೆದ. ಕೋಚ್ ಸೀಟಿ ಎತ್ತಿ ಒರೆಸಿ ಮತ್ತೆ ಅವನ ಕೈಗೇ ಕೊಟ್ಟರು. “ಧಾರವಾಡದಲ್ಲಿ ಆ ಮನುಷ್ಯ ಸೀಟಿ ಎಸೆದು ಹೋಗಲಿಲ್ಲ” ಎಂದಷ್ಟೇ ಹೇಳಿದರು. ನಾಯಕ ಪಂದ್ಯ ಮುಗಿಸಿದ. ಚೆನ್ನಾಗಿ ಮುಗಿಸಲಿಲ್ಲ, ಆದರೆ ಮುಗಿಸಿದ.

ದೇಶಪ್ರೇಮದ ಪಾಠಕ್ಕೆಂದು ಕೋಚ್ ಹುಡುಗರನ್ನು ಹುಬ್ಬಳ್ಳಿಯದೇ ಆದ ಬೆಂಗೇರಿಯ ಖಾದಿ ಸಂಘದ ಧ್ವಜ ತಯಾರಿಕಾ ಘಟಕಕ್ಕೆ ಕರೆದೊಯ್ದರು. ಅಳತೆ ಮೂರಕ್ಕೆ ಎರಡು, ಚಕ್ರಕ್ಕೆ 24 ಅರೆಗಳು, ಬಟ್ಟೆಯ ಎರಡೂ ಬದಿಯ ಚಕ್ರ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಭಾರತೀಯ ಮಾನಕಗಳ ಪಟ್ಟಿಯಲ್ಲಿ ರಾಷ್ಟ್ರಧ್ವಜದ್ದೇ ಒಂದನೆಯ ಸಂಖ್ಯೆ, ಐಎಸ್ 1. ಕೋಚ್ ಕಣ್ಣರಳಿಸಿ ನೋಡಿದರು. ಹುಡುಗರಲ್ಲಿ ಅರ್ಧ ಜನ ಸೆಲ್ಫಿ ತೆಗೆದುಕೊಂಡರು. ಈ ಭೇಟಿಯಿಂದ ತಂಡ ಬದಲಾಯಿತೆಂದು ಬರೆದರೆ ಚಂದ, ಆದರೆ ನನಗೆ ಹಾಗೆ ಕಾಣಲಿಲ್ಲ. ಒಂದು ಪರಿಣಾಮ ಮಾತ್ರ ನಿಜ: ಪ್ರತಿ ಆಗಸ್ಟಿನಲ್ಲಿ ಕ್ಲಬ್ ತರಿಸುತ್ತಿದ್ದ, ಮರುದಿನ ಕೆಸರಿನಲ್ಲಿ ಬಿದ್ದಿರುತ್ತಿದ್ದ ಸಣ್ಣ ಪ್ಲಾಸ್ಟಿಕ್ ಬಾವುಟಗಳನ್ನು ಕೋಚ್ ನಿಲ್ಲಿಸಿದರು. ಈಗ ಒಂದೇ ಖಾದಿ ಧ್ವಜ.

ಏನಾಯಿತು

ಗೋಲ್‌ಕೀಪರ್ ಮರಳಿದ್ದು ತಡವಾಗಿ. ನಾಯಕ ಅವನ ಮನೆಗೆ ಹೋಗಿ ಕ್ಷಮೆ ಕೇಳಲಿ ಎಂಬ ಸಲಹೆಯನ್ನು ಕೋಚ್ ಒಪ್ಪಲಿಲ್ಲ. ಬಲವಂತದ ಕ್ಷಮೆ ಬಲವಂತದ ಜಯಕಾರದ ಹಾಗೆಯೇ ಎಂದರು, ನನ್ನ ಮಾತನ್ನು ನನಗೇ ತಿರುಗಿಸಿ. ಬದಲಿಗೆ ತಾವೇ ಹೋಗಿ, ಹೊಸ ನಿಯಮಗಳನ್ನು ಹುಡುಗನಿಗೂ ತಾಯಿಗೂ ಹೇಳಿ ಬಂದರು. ಅವನು ಬಂದ. ನಾಯಕನೊಂದಿಗೆ ಸ್ನೇಹವೇನೂ ಬೆಳೆಯಲಿಲ್ಲ. ಕಾರ್ನರ್ ಕಿಕ್ ಬಂದಾಗ ಇಬ್ಬರೂ ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ, ಆಟಕ್ಕೆ ಅಷ್ಟು ಸಾಕು. ಅವನೊಂದಿಗೆ ಬಿಟ್ಟವರಲ್ಲಿ ಒಬ್ಬ ಮರಳಿದ. ಇನ್ನೊಬ್ಬ ಬರಲೇ ಇಲ್ಲ, ಗ್ಯಾರೇಜಿಗೆ ಸೇರಿದ್ದಾನೆ.

ಮುಂದಿನ ಟೂರ್ನಿಯಲ್ಲಿ ತಂಡ ಸೆಮಿಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತಿತು. ವಾದಕ್ಕಾಗಿ ಒಂದೂ ಕಾರ್ಡ್ ಬರಲಿಲ್ಲ. ಸೀಟಿ ಹಿಡಿದ ಅನುಭವವೇ ಕಾರಣವೆಂದು ಕೋಚ್ ನಂಬಿದ್ದಾರೆ. ನಾನೂ ಬಹುಮಟ್ಟಿಗೆ ನಂಬುತ್ತೇನೆ, ಆ ಟೂರ್ನಿಯ ರೆಫರಿಗಳು ಒಳ್ಳೆಯವರಿದ್ದರು ಎಂಬುದನ್ನೂ ಸೇರಿಸಿ. ಹಾಜರಾತಿ ಮೊದಲಿನಷ್ಟೇ ಇದೆ, ಏರಿಲ್ಲ.

ಇದರಿಂದ ಬೇರೆ ಕೋಚ್‌ಗಳಿಗೆ ಏನು ಸಿಗುತ್ತದೆ

ಕೋಚ್ ಹುಡುಗರಿಗೆ ಬಹಳ ಸಲ ಹೇಳುತ್ತಿದ್ದ ಕಥೆಯೊಂದಿದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲಾ ಶಿಕ್ಷಕರು. ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ, ಬಲರಾಂ, ಪೀಟರ್ ತಂಗರಾಜ್, ಯೂಸುಫ್ ಖಾನ್, ಜರ್ನೈಲ್ ಸಿಂಗ್ ಇದ್ದ ತಂಡ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಭಾರತದ ವಿರುದ್ಧ ಕೂಗುತ್ತಿದ್ದಾಗ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದರು. ಕೋಚ್‌ಗೆ ಇದು ದೇಶಕ್ಕಾಗಿ ಹಲ್ಲುಕಚ್ಚಿ ಆಡಿದ ಕಥೆ, ಅದು ನಿಜವೂ ಹೌದು. ಆದರೆ ಕಥೆಯಲ್ಲಿ ಅವರು ವೇಗವಾಗಿ ದಾಟಿಬಿಡುತ್ತಿದ್ದ ಒಂದು ತುಣುಕಿದೆ. ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ಲೀಗ್ ಹಂತದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಅವರನ್ನು ಮನೆಗೆ ಕಳಿಸಲಿಲ್ಲ, ಹಳೆಯ ಜಾಗದಲ್ಲೇ ನಿಲ್ಲಿಸಿ ಪರೀಕ್ಷಿಸಲೂ ಇಲ್ಲ. ಮುಂಪಡೆಯಲ್ಲಿ ಆಡಿಸಿದರು. ಫೈನಲ್‌ನ ಎರಡನೆಯ ಗೋಲು ಜರ್ನೈಲ್ ಅವರದು. ಆಟಗಾರನ ಆ ದಿನದ ಸ್ಥಿತಿ ಏನೆಂದು ತಿಳಿದುಕೊಂಡು ಅವನಿಂದ ಪಡೆಯಬೇಕಾದದ್ದನ್ನು ಪಡೆಯುವುದು ರಹೀಮ್ ಅವರ ಶಿಸ್ತು. ಈ ಕ್ಲಬ್ಬಿನಲ್ಲಿ ಆ ತಿಳಿವಳಿಕೆ ಬಂದದ್ದು ಮುಚ್ಚಳಿಕೆ ಪತ್ರಕ್ಕೆ ವಾಲ್‌ಮನ್‌ನ ಸಹಿಯನ್ನೂ ಕೇಳಿದ ತಾಯಿಯಿಂದ. ಅಷ್ಟರೊಳಗೆ ಮೂವರು ಹುಡುಗರು ಹೊರಹೋಗಿದ್ದರು.

ಹಾಗಾಗಿ ನನ್ನ ಮೊದಲ ಸಲಹೆ ತೀರಾ ಒಣಕಲು: ತಡವನ್ನು ಬರೆದಿಡಿ, ತಿಂಗಳಿಗೊಮ್ಮೆ ಓಣಿವಾರು ಓದಿ. ಗುಣದ ಬಗ್ಗೆ ತೀರ್ಪು ಕೊಡುವುದು ಆಮೇಲಾಗಲಿ. ಗದಗ, ಹಾವೇರಿಗಳಲ್ಲಿ ಕಾರಣ ನೀರಲ್ಲದೆ ಬಸ್ಸೋ ಹಾಲಿನ ಡೈರಿಯೋ ಶೇಂಗಾ ಕೀಳುವ ಹಂಗಾಮೋ ಇರಬಹುದು. ಎರಡನೆಯದು, ತಪ್ಪಿಗೂ ಶಿಕ್ಷೆಗೂ ಆಟದೊಳಗೇ ಸಂಬಂಧವಿರಲಿ. ತಂಡಕ್ಕೆ ಹೇಳದೆ ತಡ ಮಾಡಿದವನು ತಂಡದೊಂದಿಗೆ ಆಡುವ ಹೊತ್ತನ್ನು ಕಳೆದುಕೊಂಡರೆ ಅದು ಅವನಿಗೆ ಅರ್ಥವಾಗುತ್ತದೆ. ದೇಶದ ಹೆಸರಿನಲ್ಲಿ ಕೊಟ್ಟ ಶಿಕ್ಷೆ ಸಹಪಾಠಿಗಳ ಕೈಗೆ ಆಯುಧವಾಗಿ ಸಿಗುತ್ತದೆ, ಕೋಚ್‌ಗೆ ಅಂಥ ಉದ್ದೇಶ ಇಲ್ಲದಿದ್ದರೂ. ಇಲ್ಲಿ ಆ ಪದ ಬಳಸಿದ್ದು ನಾಯಕ, ಅದಕ್ಕೆ ಜಾಗ ಮಾಡಿಕೊಟ್ಟದ್ದು ಮುಚ್ಚಿದ ಗೇಟು.

ಒಂದು ವಿಷಯದಲ್ಲಿ ಕೋಚ್‌ಗೂ ನನಗೂ ಇನ್ನೂ ಒಮ್ಮತವಿಲ್ಲ. ದಿನನಿತ್ಯ ಹಾಡಿದ್ದರಿಂದ ರಾಷ್ಟ್ರಗೀತೆ ಸವೆದುಹೋಗಿತ್ತು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ಮೂರು ಸಲ ಹಾಡಿದರೆ ಹುಡುಗರು ಸಾಲುಗಳನ್ನೇ ಮರೆಯುತ್ತಾರೆ ಎಂಬುದು ಅವರ ವಾದ. ಕಳೆದ ಗಣರಾಜ್ಯ ದಿನ ಇಬ್ಬರು ಮಧ್ಯದ ಸಾಲು ತಪ್ಪಿಸಿದ್ದನ್ನು ನನಗೆ ತೋರಿಸಿಯೇ ತೋರಿಸಿದರು.

ಈಗ ಸಮಿತಿಯ ಮುಂದಿರುವುದು ಬೇರೆ ತಕರಾರು. ನೀರಿನ ದಿನದ ರಿಯಾಯಿತಿಯನ್ನು ಟ್ಯೂಷನ್ ಪರೀಕ್ಷೆಯ ದಿನಕ್ಕೂ ವಿಸ್ತರಿಸಬೇಕೆಂದು ನಾಯಕ ಅರ್ಜಿ ಕೊಟ್ಟಿದ್ದಾನೆ. ಮೂರು ಪಾಲಕರ ಸಹಿಯೂ ಇದೆ. ಗೋಲ್‌ಕೀಪರ್ ಅದನ್ನು ವಿರೋಧಿಸಿದ್ದಾನೆ: ಪರೀಕ್ಷೆಯ ವೇಳಾಪಟ್ಟಿ ವಾರದ ಮುಂಚೆಯೇ ಗೊತ್ತಿರುತ್ತದೆ, ನೀರು ಹಾಗಲ್ಲ ಎಂದು. ಮುಂದಿನ ಭಾನುವಾರ ಸಭೆ ಇದೆ. ಕೋಚ್ ಯಾರ ಪರ ಎಂಬುದನ್ನು ಇನ್ನೂ ಹೇಳಿಲ್ಲ.